ಹೊಂಗೆ ಮರದಡಿಯ ಹುಡುಗಿ

"ಗುರುಗಳೇ, ಪರಮಾತ್ಮನಿಗೆ ರೂಪವಿಲ್ಲ ಎನ್ನುತ್ತೀರಿ. ರೂಪವೇ ಇಲ್ಲದವನನ್ನು ನಾನು ಮನಸ್ಸಿನಲ್ಲಿ ಕಾಣುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಚಿತ್ರಗಾರ್ತಿ ಇದ್ದಳು. ಎಳವೆಯಲ್ಲಿ ತಂದೆಗೆ ಬಣ್ಣ ಅರೆದುಕೊಡುತ್ತ ಕುಂಚ ಹಿಡಿಯಲು ಕಲಿತವಳು. ಮುಖ ಬರೆಯುವುದರಲ್ಲಿ ಅವಳಿಗೆ ಸಮನಾದವರು ಇರಲಿಲ್ಲ. ಗಂಡಸರು ಕಾಲಿಡದ ಅಂತಃಪುರಗಳಿಂದಲೂ ಅವಳಿಗೆ ಕರೆ ಬರುತ್ತಿತ್ತು. ರಾಣಿಯರು ಅವಳ ಮುಂದೆ ಕುಳಿತರು, ವರ್ತಕರ ಹೆಂಡಂದಿರು ಕುಳಿತರು. ಬಿಡುವು ಸಿಕ್ಕಾಗ ಅವಳು ಬೆಟ್ಟ, ಕೆರೆ, ಬಯಲುಗಳನ್ನು ಬರೆಯುತ್ತಿದ್ದಳು. ಅವನ್ನು ಯಾರೂ ಕೇಳುತ್ತಿರಲಿಲ್ಲ. ಅವಳೂ ಯಾರಿಗೂ ತೋರಿಸುತ್ತಿರಲಿಲ್ಲ. ಅವು ಅವಳ ಪಾಲಿಗೆ ಹಗಲುಗನಸಿನ ಹಾಗೆ.

ಅವಳ ಕೂದಲು ನರೆಯತೊಡಗಿದ ಕಾಲಕ್ಕೆ ಒಬ್ಬ ನೇಕಾರ ಹೆಂಗಸು ಬಂದಳು. ಆ ಹೆಂಗಸಿನ ಒಂಬತ್ತು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು.

"ತಾಯೀ, ಮಗಳ ಮುಖ ನನಗೆ ಮರೆಯುತ್ತಾ ಬಂದಿದೆ. ಪೂರ್ತಿ ಮರೆಯುವ ಮೊದಲು ಬರೆದುಕೊಡಿ," ಎಂದಳು.

ಚಿತ್ರಗಾರ್ತಿ ಕಾಣದ ಮುಖವನ್ನು ಎಂದೂ ಬರೆದಿರಲಿಲ್ಲ. ಆದರೂ ಇಲ್ಲವೆನ್ನಲು ಬಾಯಿ ಬರಲಿಲ್ಲ. ತಾಯಿ ನೆನಪಾದಷ್ಟು ಹೇಳಿದಳು, ಇವಳು ಬರೆದಳು. ತಾಯಿ ಅಲ್ಲವೆಂದು ತಲೆಯಾಡಿಸಿದಳು. ಮತ್ತೆ ಬರೆದಳು, ಮತ್ತೆ ಅಳಿಸಿದಳು. ಏಳನೆಯ ಸಲ ತಾಯಿ, "ಚೆಂದದ ಹುಡುಗಿ. ನನ್ನವಳಲ್ಲ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಟುಹೋದಳು. ಮೂವತ್ತು ವರ್ಷ ಹೆಸರು ತಂದ ಕೈ ಅಂದು ಸೋತಿತು. ಚಿತ್ರಗಾರ್ತಿಗೆ ಊಟ ಸೇರಲಿಲ್ಲ.

ಮರುದಿನ ಅವಳೇ ಆ ಹೆಂಗಸಿನ ಮನೆಗೆ ಹೋದಳು. "ಮುಖದ ಮಾತು ಬಿಡು ತಂಗೀ. ಮಗಳು ಎಲ್ಲಿ ಕೂರುತ್ತಿದ್ದಳು, ತೋರಿಸು," ಎಂದಳು.

ತಾಯಿ ಕೆರೆಯಂಗಳಕ್ಕೆ ಕರೆದೊಯ್ದಳು. ಬಣ್ಣ ಹಾಕಿದ ನೂಲನ್ನು ಅಲ್ಲಿ ಒಣಹಾಕುತ್ತಿದ್ದರು. ದನ ಬಾರದಂತೆ ಕಾಯುತ್ತ ಮಗಳು ಹೊಂಗೆ ಮರದಡಿ ಕೂರುತ್ತಿದ್ದಳಂತೆ. ಚಿತ್ರಗಾರ್ತಿ ಆ ಜಾಗದಲ್ಲೇ ಕುಳಿತಳು. ಮೂರು ದಿನ ಕುಳಿತಳು. ನೀರಿನ ಮೇಲೆ ಮಂಜು, ಗಾಳಿಗೆ ತೂಗುವ ಕೆಂಪು ನೂಲು, ಹೊಂಗೆಯ ನೆರಳು. ನೋಡುತ್ತ ನೋಡುತ್ತ ಎಚ್ಚರವೋ ಜೊಂಪೋ ತಿಳಿಯದಾಯಿತು. ಆ ಹುಡುಗಿ ಕಂಡದ್ದನ್ನೆಲ್ಲ ತಾನೂ ಕಾಣುತ್ತಿದ್ದೇನೆ ಎನಿಸಿತು. ನಾಲ್ಕನೆಯ ದಿನ ಅದನ್ನೇ ಬರೆದಳು. ಚಿತ್ರದಲ್ಲಿ ಮನುಷ್ಯರು ಯಾರೂ ಇರಲಿಲ್ಲ.

ತಾಯಿ ಚಿತ್ರದ ಮುಂದೆ ಬಹಳ ಹೊತ್ತು ನಿಂತಳು. ಆಮೇಲೆ ಮೆಲ್ಲಗೆ, ಮಗಳನ್ನು ದಿನವೂ ಕರೆಯುವವಳಂತೆ, "ಹೊನ್ನೀ, ಊಟಕ್ಕೆ ಬಾ," ಎಂದಳು.

ಅಂದಿನಿಂದ ಚಿತ್ರಗಾರ್ತಿ ಮುಖ ಬರೆಯಲಿಲ್ಲ. ತಮ್ಮವರನ್ನು ಕಳೆದುಕೊಂಡವರು ದೂರದೂರದಿಂದ ಹುಡುಕಿಕೊಂಡು ಬರುತ್ತಿದ್ದರು. ಅವಳು ಅವರವರ ಹೊಲ, ಜಗಲಿ, ಬಾವಿಕಟ್ಟೆಗಳನ್ನು ಬರೆದುಕೊಡುತ್ತಿದ್ದಳು. ಕೈ ನಡುಗುವವರೆಗೂ ಬರೆದಳು.

ಗುರುಗಳು ಕತೆ ನಿಲ್ಲಿಸಿದರು.

"ಆದರೆ ಗುರುಗಳೇ, ಚಿತ್ರದಲ್ಲಿ ಹುಡುಗಿಯೇ ಇರಲಿಲ್ಲವಲ್ಲ. ತಾಯಿ ಕಂಡದ್ದು ಯಾರನ್ನು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು: "ಆ ಮಗುವಿನ ಮುಖ ಹೇಗಿತ್ತೆಂದು ನಾನು ಹೇಳಲೇ ಇಲ್ಲ, ಇಷ್ಟು ಹೊತ್ತು ನೀನು ಮನಸ್ಸಿನಲ್ಲಿ ನೋಡುತ್ತಿದ್ದದ್ದು ಯಾರನ್ನು?"