ಬಣ್ಣಗಾರನ ಹೆಂಡತಿಯ ಗಂಟಲು

“ಗುರುಗಳೇ, ತಪ್ಪು ಮಾಡಿದವನು ಅದನ್ನು ಬಾಯಿಬಿಟ್ಟು ಹೇಳದಿದ್ದರೂ, ಜೀವಮಾನವಿಡೀ ಸೇವೆ ಮಾಡಿದರೆ ಆ ತಪ್ಪು ತೀರುವುದಿಲ್ಲವೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಬಣ್ಣಗಾರನಿದ್ದ. ನೂಲಿಗೆ ಬಣ್ಣ ಹಿಡಿಯಲೆಂದು ಅವನು ಕ್ಷಾರದ ನೀರು ಕಲಸುತ್ತಿದ್ದ. ಒಂದು ದಿನ ಅವಸರದಲ್ಲಿ ಅದನ್ನು ಕುಡಿಯುವ ಚೆಂಬಿಗೆ ಬಗ್ಗಿಸಿ ಅಲ್ಲೇ ಮರೆತ. ಬಿಸಿಲಲ್ಲಿ ನೂಲು ಹರವಿ ಒಳಗೆ ಬಂದ ಹೆಂಡತಿ ಅದನ್ನೇ ಎತ್ತಿ ಗಟಗಟನೆ ಕುಡಿದುಬಿಟ್ಟಳು. ಅವಳ ಚೀರಾಟಕ್ಕೆ ಕೇರಿಯೇ ಬಂದು ನೆರೆಯಿತು. ಎಲ್ಲರೂ ಬಣ್ಣಗಾರನ ಮುಖ ನೋಡಿದರು. ಅವನಿಗೆ ದಿಗಿಲಾಯಿತು.

“ನೋಡಿ ಕುಡಿಯಬಾರದೇನೇ? ಬಗ್ಗಿಸಿಟ್ಟವಳು ನೀನೇ ಅಲ್ಲವೇ?” ಎಂದುಬಿಟ್ಟ.

ಅವಳ ನಾಲಿಗೆ ಬೆಂದಿತ್ತು. ಕೇರಿ ಅವನ ಮಾತನ್ನೇ ನಂಬಿತು.

ಅವಳು ಬದುಕಿದಳು. ಅನ್ನನಾಳ ಮಾಯಿತು, ಆದರೆ ಕಿರಿದಾಯಿತು. ಅಂದಿನಿಂದ ಬಣ್ಣಗಾರ ತಾನೇ ಅನ್ನ ಕಿವುಚಿ, ಗಂಜಿ ಸೋಸಿ, ಅವಳಿಗೆ ಉಣಿಸಿದ. ತಂಗಿಯ ಮದುವೆಗೆ ಹೋದವನೂ ಹೆಂಡತಿಯ ಊಟದ ಹೊತ್ತಿಗೆ ಮರಳಿದ. ಇಂಥ ಗಂಡ ಯಾರಿಗುಂಟು ಎಂದು ಊರು ಅವನನ್ನು ಕೊಂಡಾಡಿತು. ಎಷ್ಟೋ ಸಲ ತುತ್ತು ಕೈಯಲ್ಲಿ ಹಿಡಿದು, ಆ ದಿನದ ಮಾತನ್ನು ಎತ್ತಬೇಕೆಂದುಕೊಂಡ. ಗಂಜಿ ಆರಿಹೋಗುತ್ತದೆ ಎಂದು ಸುಮ್ಮನಾದ.

ಇಬ್ಬರಿಗೂ ತಲೆ ನರೆಯಿತು. ಆಗ ಗಂಜಿಯೂ ಇಳಿಯದಾಯಿತು. ಪಟ್ಟಣದ ವೈದ್ಯ ಪರೀಕ್ಷಿಸಿ, “ಹಿಂದೆ ಎಂದಾದರೂ ಇಲ್ಲಿ ಸುಟ್ಟಿತ್ತೇ?” ಎಂದು ಕೇಳಿದ. “ಸುಟ್ಟ ಜಾಗ ಮತ್ತೆ ಮತ್ತೆ ಕೆರಳುತ್ತದೆ, ಮತ್ತೆ ಮತ್ತೆ ಮಾಯುತ್ತದೆ. ಹಾಗೆ ಹೊಸ ಮಾಂಸ ಕಟ್ಟುತ್ತ ಕಟ್ಟುತ್ತ ಕೆಲವರಲ್ಲಿ ಅದು ನಿಲ್ಲುವುದೇ ಇಲ್ಲ. ಇದು ಅರ್ಬುದ. ಕೈಮೀರಿದೆ.”

“ಹೌದು, ಹರೆಯದಲ್ಲಿ ಒಮ್ಮೆ ಇವಳೇ…” ಎಂದು ಬಣ್ಣಗಾರ ತೊದಲಿ ಹೆಂಡತಿಯ ಕಡೆ ನೋಡಿದ.

ಅವಳು ಅವನನ್ನೇ ದಿಟ್ಟಿಸಿದಳು. ಆಮೇಲೆ ವೈದ್ಯನಿಗೆ ಪಿಸುದನಿಯಲ್ಲಿ, “ಹೌದಪ್ಪಾ, ನಾನೇ ಬಗ್ಗಿಸಿಟ್ಟು ನಾನೇ ಮರೆತು ಕುಡಿದೆ,” ಎಂದಳು.

ಆ ವಾರವೇ ನೀರೂ ಇಳಿಯುವುದು ನಿಂತಿತು. ಅವನು ಒದ್ದೆ ಬಟ್ಟೆಯಿಂದ ಅವಳ ತುಟಿ ಒರೆಸುತ್ತಿದ್ದಾಗಲೇ ಅವಳು ಸತ್ತಳು.

ಶಿಷ್ಯ ಕಣ್ಣೊರೆಸಿಕೊಂಡು, “ಕೊನೆಗೂ ಅವಳು ಅವನನ್ನು ಕ್ಷಮಿಸಿದಳಲ್ಲ, ಗುರುಗಳೇ,” ಎಂದ.

ಗುರುಗಳೆಂದರು: “ಗಂಜಿಯೂ ಇಳಿಯದ ಗಂಟಲಿಗೆ ಅವನು ತನ್ನ ಸುಳ್ಳನ್ನು ಸುರಿದ, ಮಗೂ.”