ಆಣೆಗೊಂದು ತೆಂಗಿನಕಾಯಿ

ಊರದೇವತೆ ಪಟ್ಟಲದಮ್ಮ ಕರೆದಲ್ಲಿಗೆ ಬರುವ ತಾಯಿ. ಆದರೆ ಬರುವಾಗ ತನ್ನ ಕಟ್ಟಳೆಯನ್ನೂ ಜೊತೆಗೇ ತರುತ್ತಾಳೆ.

ಪಂಚಾಯಿತಿ ಸದಸ್ಯೆ ನಿಂಗಾಜಮ್ಮನಿಗೆ ಪಕ್ಷನಿಷ್ಠೆ ತೋರಿಸಿ ತೋರಿಸಿ ಸಾಕಾಗಿಹೋಗಿತ್ತು. ಮೊದಲು ಮುಚ್ಚಳಿಕೆ ಬರೆಸಿಕೊಂಡರು. ಆಮೇಲೆ ಪಕ್ಷದ ಶಾಲು ಹೊದ್ದ ಫೋಟೊ ಕೇಳಿದರು. ಈಗ ಪಕ್ಷದ ತಾಲ್ಲೂಕು ಅಧ್ಯಕ್ಷ ಶಿವನಂಜಪ್ಪನವರು ಸದಸ್ಯರನ್ನೆಲ್ಲ ತಾಯಿಯ ಗುಡಿಗೇ ಕರೆಸಿದ್ದರು. ಎದುರು ಪಕ್ಷದವರ ಯಾವ ಠರಾವಿಗೂ ಕೈ ಎತ್ತುವುದಿಲ್ಲವೆಂದು ಆಣೆ ಇಡಬೇಕಂತೆ! ಮರುದಿನದ ಸಭೆಗೆ ಬರುವುದೋ ಅವಳ ಕೇರಿಯ ಕುಡಿಯುವ ನೀರಿನ ಠರಾವು. ತಂದವರು ಎದುರು ಪಕ್ಷದವರು.

"ತಾಯೀ, ಇವರಿಗೆ ನೀನೇ ಬುದ್ಧಿ ಕೊಡು" ಎಂದು ಕೈಮುಗಿದು ಅವಳು ಮುಂದೆ ಬಂದಳು.

"ಆಣೆ ಇಡ್ತೀನಿ ಅಧ್ಯಕ್ಷರೇ. ಆದರೆ ಈ ಗುಡಿಯ ಕಟ್ಟಳೆ ನಿಮಗೂ ಗೊತ್ತಲ್ಲ? ಆಣೆ ಇಡಿಸೋರು ಮೊದಲು ತಾವು ಮುರಿದ ಒಂದೊಂದು ಆಣೆಗೂ ಒಂದೊಂದು ಕಾಯಿ ಒಡೀಬೇಕು."

"ತಾತನ ಕಾಲದಿಂದಲೂ ಹಾಗೇ" ಎಂದರು ಪೂಜಾರಿ.

ಶಿವನಂಜಪ್ಪನವರಿಗೆ ಇದು ನಾಲ್ಕನೆಯ ಪಕ್ಷ. ಪ್ರತಿ ಸಲವೂ ಇದೇ ಗುಡಿಯಲ್ಲಿ ಕರ್ಪೂರ ಹಚ್ಚಿ "ಸಾಯೋವರೆಗೂ ಇದೇ ಪಕ್ಷ" ಎಂದಿದ್ದರು. ಅವರೇ ಕರೆತಂದಿದ್ದ ಪತ್ರಕರ್ತರು ಮೊಬೈಲು ಎತ್ತಿ ಹಿಡಿದರು.

"ನಾನು ಕಾಯಿ ತಂದಿಲ್ಲವಲ್ಲಮ್ಮ" ಎಂದು ಅಧ್ಯಕ್ಷರು ಬೆವರು ಒರೆಸಿಕೊಂಡರು.

ನಿಂಗಾಜಮ್ಮ ಚೀಲ ಮುಂದಿಟ್ಟಳು. "ಮೂರು ತಂದಿದ್ದೀನಿ ಸ್ವಾಮಿ. ನನಗೆ ಗೊತ್ತಿರೋದು ಅಷ್ಟೇ. ಸಾಲದಿದ್ದರೆ ಹೇಳಿ."

ಅಧ್ಯಕ್ಷರಿಗೆ ಆಗಲೇ ಯಾವುದೋ ತುರ್ತು ಕೆಲಸ ನೆನಪಾಯಿತು. ಆಣೆಯನ್ನು ಇನ್ನೊಂದು ದಿನಕ್ಕೆ ಮುಂದೂಡಿ ಕಾರು ಹತ್ತಿದರು.

ಮರುದಿನ ನಿಂಗಾಜಮ್ಮ ನೀರಿಗೆ ಕೈ ಎತ್ತಿದಳು. ಠರಾವು ಪಾಸಾದ ಮೇಲೆ ಆ ಮೂರೂ ಕಾಯಿ ತಾಯಿಗೆ ಒಡೆಸಿ, ಒಂದು ಹೋಳು ಪ್ರಸಾದವನ್ನು ಅಧ್ಯಕ್ಷರ ಮನೆಗೂ ಕಳಿಸಿದಳು. ತಾಯಿ ಪಕ್ಷ ನೋಡಿ ಹರಸುವವಳಲ್ಲವಲ್ಲ.