ಕೇಳಿ ಇದ್ದ ಮೊಲ

ಮುಳ್ಳುಹಂದಿ ತೋಡಿದ ಬಿಲದ ಹಿಂಬದಿಯಲ್ಲಿ ಮೊಲವೊಂದು ಬಹಳ ವರ್ಷಗಳಿಂದ ವಾಸವಾಗಿತ್ತು. ಮುಳ್ಳುಹಂದಿಗೆ ಮರಿಗಳಾದವು, ಜಾಗ ಸಾಲದಾಯಿತು. ಹಿಂಬದಿಯನ್ನು ಬಿಟ್ಟುಕೊಡು ಎಂದು ಕೇಳಿದರೆ ಮೊಲ ಕಿವಿ ನಿಮಿರಿಸಿ, "ಇಷ್ಟು ವರ್ಷ ಇದ್ದ ಮೇಲೆ ಅದು ನನ್ನದೇ, ಅಣ್ಣ" ಎಂದಿತು.

"ಹಾಗಾದರೆ ಮರಿಗಳನ್ನು ಎಲ್ಲಿ ಮಲಗಿಸಲಿ?" ಎಂದಿತು ಮುಳ್ಳುಹಂದಿ. ಬೆನ್ನ ಮೇಲೇ ಮನೆ ಹೊತ್ತ ಆಮೆಗೆ ಯಾರ ಜಾಗದ ಆಸೆಯೂ ಇರದೆಂದು ಎರಡೂ ಅದರ ಬಳಿ ನ್ಯಾಯಕ್ಕೆ ಹೋದವು.

"ಹೇಗೆ ಒಳಹೊಕ್ಕೆ? ನುಗ್ಗಿದೆಯಾ?" ಎಂದು ಆಮೆ ಮೊಲವನ್ನು ಕೇಳಿತು.

ಮೊಲಕ್ಕೆ ಅವಮಾನವಾಯಿತು. "ನಾನೇನು ನರಿಯೇ? ಪ್ರತಿ ಮಳೆಗಾಲಕ್ಕೂ ಎಳೆಗರಿಕೆ ತಂದಿಟ್ಟು, 'ಅಣ್ಣ, ಈ ವರ್ಷವೂ ಇರಲೇ?' ಎಂದು ಕೇಳಿಯೇ ಇದ್ದೇನೆ. ಬೇಕಾದರೆ ಅವನನ್ನೇ ವಿಚಾರಿಸಿ."

"ಹೌದು, ಕೇಳುತ್ತಿದ್ದ. ಇರು ಎನ್ನುತ್ತಿದ್ದೆ" ಎಂದಿತು ಮುಳ್ಳುಹಂದಿ.

"ಯಾರನ್ನೂ ಕೇಳದೆ, ಯಾರೂ ತಡೆಯದೆ ಇಷ್ಟು ವರ್ಷ ಇದ್ದಿದ್ದರೆ ಜಾಗ ನಿನ್ನದಾಗುತ್ತಿತ್ತು. ಪ್ರತಿ ವರ್ಷ ಕೇಳಿಕೊಂಡು ಇದ್ದು, ಜಾಗ ಅವನದೆಂದು ನೀನೇ ಒಪ್ಪಿಕೊಂಡೆ, ಆದ್ದರಿಂದ ಅದು ಅವನದೇ" ಎಂದು ಆಮೆ ತೀರ್ಪು ಕೊಟ್ಟಿತು.

"ಹಾಗಾದರೆ ಮರ್ಯಾದೆಯಿಂದ ನಡೆದದ್ದೇ ನನ್ನ ತಪ್ಪೇ?" ಮೊಲದ ಕಿವಿಗಳು ಜೋಲುಬಿದ್ದವು.

ಗೆದ್ದ ಮುಳ್ಳುಹಂದಿಗೆ ಅದನ್ನು ನೋಡಲಾಗಲಿಲ್ಲ. "ಬಾರೋ, ಪಕ್ಕದ ದಿಬ್ಬದಲ್ಲಿ ನಿನಗೊಂದು ಬಿಲ ತೋಡಿಕೊಡುತ್ತೇನೆ" ಎಂದಿತು. "ಆದರೆ ಈ ಸಲ ಇರಲೇ ಎಂದು ನನ್ನನ್ನು ಕೇಳಬೇಡ. ಸುಮ್ಮನೆ ಇದ್ದುಬಿಡು."